ಗರಸಿನಲ್ಲಿ ಇಳಿದ ನೀರು

ಫೋನಿನಲ್ಲಿ ಮಾತಾಡುತ್ತ ಬಂದ ಮಿಲಿಂದ ನೆಟ್ಟಗೆ ಮಹೆಕ ನೀರು ತುಂಬಿಸಿಟ್ಟಿದ್ದ ಗುಣಿಯೊಳಗೆ ಕಾಲಿಟ್ಟ. ಬೂಟು ಮುಳುಗಿತು, ರಾಡಿ ಪ್ಯಾಂಟಿಗೆ ಸಿಡಿಯಿತು. ಬೆಳಗಿನಿಂದ ಅವಳು ಬಿಸಿಲಲ್ಲಿ ಕೂತು ಕಾದಿದ್ದ ಪರೀಕ್ಷೆ ಅಷ್ಟಕ್ಕೇ ಹಾಳಾಯಿತು.

"ಏನ್ರಿ, ಕಣ್ಣು ಮನ್ಯಾಗ ಬಿಟ್ಟು ಬಂದೀರೇನು?"

"ನಟ್ಟ ನಡು ಹೊಲದಾಗ ನೀರು ತುಂಬಿದ ಗುಣಿ ಇರ್ತದಂತ ಯಾರಿಗೆ ಗೊತ್ತರಿ? ಏನು ಮಾಡ್ಲಿಕ್ಕತ್ತೀರಿ ನೀವು?"

"ನೀರು ಇಳಿಯೋದು ನೋಡಾಕತ್ತೇನ್ರಿ."

ಅವನು ಒದ್ದೆ ಬೂಟಿನಲ್ಲೇ ನಿಂತು ನಕ್ಕುಬಿಟ್ಟ. "ಆ ನೀರಿನ ಲೆಕ್ಕಕ್ಕ ಕಾಯಾಂವ ನಾನರಿ. ನನ್ನ ಕೆಲಸ ನಾನ ಕೆಡಿಸಿಕೊಂಡೆ."

ಮಹೆಕ ಸಿಟ್ಟು ಮಾಡಿಕೊಂಡೇ ಇರಬೇಕೆಂದುಕೊಂಡಿದ್ದಳು. ಆಗಲಿಲ್ಲ.

ಅದು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಆಚೆಗಿನ ಹೊಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ತನ್ನ ಹೊಲಸು ನೀರು ನಿಲ್ಲಿಸಲು ಅಲ್ಲಿ ಹೊಂಡ ತೋಡಲಿತ್ತು. ಆ ನೀರು ಮಣ್ಣೊಳಗೆ ಇಳಿದು ಪಕ್ಕದ ಬಾವಿಗಳನ್ನು ಸೇರುತ್ತದೆಯೇ, ಸೇರಿದರೆ ಎಷ್ಟು ಬೇಗ ಎಂಬುದನ್ನು ಲೆಕ್ಕ ಹಾಕಬೇಕಿತ್ತು. ಕಮರಿಪೇಟೆಯ ಮಹೆಕ ವಿದ್ಯಾನಗರದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಎಂಜಿನಿಯರ್. ಧಾರವಾಡದ ಮಿಲಿಂದ ಕಾರ್ಖಾನೆಗೆ ವರದಿ ಬರೆದುಕೊಡುವ ಕನ್ಸಲ್ಟೆನ್ಸಿಯವನು.

ಗುಣಿಗೆ ಹೊಯ್ಯಲು ನೀರು ಕೊಟ್ಟವಳು ಪಕ್ಕದ ಹೊಲದ ರಸೂಲಬಿ. ಕೊತ್ತಂಬರಿ, ಮೆಂತ್ಯ ಬೆಳೆದು ಧಾರವಾಡದ ಸಂತೆಗೆ ಒಯ್ಯುವ ಹೆಂಗಸು. ನೀರಿನ ಜತೆಗೆ ಚಹಾವನ್ನೂ ಕೊಟ್ಟಳು. "ಇಬ್ಬರೂ ಒಂದ ಗುಣಿ ನೋಡ್ಕೋತ ಕುಂತೀರಲ್ಲ, ಅದರಾಗೇನು ಸಿನಿಮಾ ಬರತೈತೇನು?" ಎಂದು ನಗಿಸಿ ಹೋದಳು.

ಆಮೇಲೆ ಮಿಲಿಂದನಿಗೆ ಲ್ಯಾಬಿಗೆ ಬರಲು ದಿನಕ್ಕೊಂದು ನೆಪ ಸಿಕ್ಕಿತು.

ಹೊಲದಿಂದ ತಂದ ಮಣ್ಣನ್ನು ಉಕ್ಕಿನ ಅಚ್ಚಿನಲ್ಲಿಟ್ಟು, ಮೇಲೆ ಉದ್ದನೆಯ ಗಾಜಿನ ಕೊಳವೆ ನಿಲ್ಲಿಸಿ, ಅದರಲ್ಲಿ ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆಂದು ನೋಡುವುದು ಅವಳ ಕೆಲಸ. ಹೊಲದ ಮೇಲ್ಪದರದ ಎರೆಮಣ್ಣು ಜಿಗುಟು. ಅದರೊಳಗೆ ನೀರು ನುಸುಳುವುದೇ ಇಲ್ಲವೆಂಬಷ್ಟು ನಿಧಾನ. ಕೊಳವೆಯ ಆಚೆ ಅವನು, ಈಚೆ ಅವಳು. ಗಾಜಿನಲ್ಲಿ ಅವನ ಮುಖ ಸಣ್ಣಗೆ ಸೊಟ್ಟಗಾಗಿ ಕಾಣುತ್ತಿತ್ತು. ಕಣ್ಣು ಮಾತ್ರ ಕೊಳವೆಯ ಪಕ್ಕದಿಂದ ನೇರವಾಗಿ ಅವಳನ್ನು ನೋಡುತ್ತಿತ್ತು.

"ನೀರು ನೋಡ್ರಿ, ನನ್ನ ಅಲ್ಲ."

"ನೀರು ಎಲ್ಲಿಗೂ ಹೋಗ್ಲಿಕ್ಕತ್ತಿಲ್ಲ. ನೀವು ಎದ್ದು ಹೋಗಿಬಿಟ್ರ ಅಂತ ನನ್ನ ಚಿಂತಿ."

ಅವಳ ಕಿವಿ ಬೆಚ್ಚಗಾಯಿತು. ತಿದ್ದುವ ಅಗತ್ಯವಿಲ್ಲದಿದ್ದರೂ ದುಪಟ್ಟಾ ತಿದ್ದಿಕೊಂಡಳು. ಹಾಗೆ ಆ ಜಿಗುಟು ಮಣ್ಣು ಅವರಿಗೆ ಬೇಕಾದಷ್ಟು ಪುರಸೊತ್ತು ಕೊಟ್ಟಿತು. ಅವನ ತಾಯಿ ಸುಹಾಸಿನಿ ಸಂಗೀತ ಕಲಿಸುವುದು, ಅವಳ ಅಬ್ಬಾ ಅಮೀನಸಾಬ ಪಂಪಿನ ಮೋಟಾರು ರಿಪೇರಿ ಮಾಡುವುದು, ಎರಡು ಮನೆಯಲ್ಲೂ ತಮ್ಮಿಬ್ಬರ ಸುದ್ದಿ ಹೇಳುವುದು ಹೇಗೆಂಬುದು, ಎಲ್ಲ ಮಾತಾದವು. "ರೀ" ಹೋಗಿ "ನೀನು" ಬಂತು. ಒಂದು ಮಧ್ಯಾಹ್ನ ಅವನು ಕೊಳವೆಯ ಹಿಂದಿನಿಂದಲೇ, "ನೀನಿಲ್ಲದ ನನಗ ಆಗೂದಿಲ್ಲ, ಮಹೆಕ" ಎಂದ. ಅವಳು ನೀರಿನ ಮಟ್ಟ ಓದುವುದನ್ನು ಮರೆತಳು.

ಮರುದಿನ ಕೆಳಪದರದ ಗರಸನ್ನು ಅಚ್ಚಿಗೆ ಹಾಕಿದಳು. ಹಳದಿ ಕಲ್ಲುಪುಡಿಯಂಥ ಸಡಿಲ ಮಣ್ಣು. ಮಿಲಿಂದ ಒಂದು ಮಾತು ಮುಗಿಸುವಷ್ಟರಲ್ಲಿ ಕೊಳವೆ ಬರಿದಾಯಿತು.

ಮಹೆಕಳ ನಗು ನಿಂತಿತು. "ಮಿಲಿಂದ, ಹೊಂಡ ಆಳ ಐತಿ. ತೋಡಿದ್ರ ಮ್ಯಾಲಿನ ಎರಿಮಣ್ಣು ಎಲ್ಲಾ ಹೋಗಿಬಿಡತೈತಿ. ಹೊಲಸು ನೀರು ಕುಂಡ್ರೋದು ಗರಸಿನ ಮ್ಯಾಲ. ಒಂದ ಮಳಿಗಾಲ ಸಾಕು, ರಸೂಲಬಿ ಚಾಚಿ ಬಾವಿಗೆ ಹೋಗಿ ಮುಟ್ಟತೈತಿ."

ಅವನು ಬರಿದಾದ ಕೊಳವೆಯನ್ನೊಮ್ಮೆ ನೋಡಿದ. "ಖರೇ. ನಾ ವರದಿಯೊಳಗ ಬರೀತೀನಿ. ನೀ ಚಿಂತಿ ಬಿಡು."

ಅವಳು ಬಿಟ್ಟಳು. ಅವನು ಹೇಳಿದ ಮೇಲೆ ಮತ್ತೇನು ಚಿಂತೆ?

ಊರಿನವರ ಅಭಿಪ್ರಾಯ ಕೇಳುವ ಸಭೆ ಸಮುದಾಯ ಭವನದಲ್ಲಿ ನಡೆಯಿತು. ವೇದಿಕೆಯ ಮೇಲೆ ಅಧಿಕಾರಿ, ಕಾರ್ಖಾನೆಯವರು, ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿಯ ಮಿಲಿಂದ. ಮಹೆಕ ಹಿಂದೆ ರಸೂಲಬಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವನು ಎದ್ದು ಮೈಕ್ ಹಿಡಿದಾಗ ಅವಳಿಗೆ ಹೆಮ್ಮೆಯೆನಿಸಿತು.

"ಈ ಜಾಗಾದಾಗ ಇರೋದು ಗಟ್ಟಿ ಎರಿಮಣ್ಣು. ಇದರೊಳಗ ನೀರು ಹರಿಯೋದು ಇಲ್ಲಂದ್ರೂ ನಡೀತದ. ಹೊಂಡದ ನೀರು ನಿಮ್ಮ ಬಾವಿಗೆ ಮುಟ್ಟಬೇಕಂದ್ರ ನಿಮ್ಮ ಮೊಮ್ಮಕ್ಕಳ ಕಾಲನೂ ಮುಗೀತದ."

ಗರಸಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ.

"ಪರೀಕ್ಷಾ ಮಾಡಿದವರೂ ನಿಮಗ ಗೊತ್ತಿದ್ದವರ. ಮಹೆಕ ಮೇಡಂ. ಇಲ್ಲೇ ಅದಾರ, ಬೇಕಾದ್ರ ಕೇಳ್ರಿ."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅವನೂ ನೋಡಿದ. ಕೊಳವೆಯ ಪಕ್ಕದಿಂದ ನೋಡುತ್ತಿದ್ದ ಅದೇ ಕಣ್ಣು. ಅದರಲ್ಲಿ ಈಗ ಒಂದು ಬೇಡಿಕೆ ಇತ್ತು, ಸುಮ್ಮನಿರು ಎಂಬ ಬೇಡಿಕೆ.

ರಸೂಲಬಿ ಅವಳ ಕೈ ತಟ್ಟಿದಳು. "ನೀ ಹೇಳೀದಿ ಅಂದ್ರ ಮುಗೀತವ್ವಾ. ನನಗೇನೂ ಅಂಜಿಕಿಲ್ಲ."

ಆ ಮಾತು ಮಹೆಕಳನ್ನು ಎಬ್ಬಿಸಿ ನಿಲ್ಲಿಸಿತು.

"ಸರ್, ಅವರು ಹೇಳಿದ್ದು ಮ್ಯಾಲಿನ ಮಣ್ಣಿಂದಷ್ಟ. ಹೊಂಡ ತೋಡಿದ್ರ ಆ ಮಣ್ಣು ಇರಂಗಿಲ್ಲ. ಕೆಳಗ ಗರಸು ಐತಿ, ಅದರಾಗ ನೀರು ಓಡತೈತಿ. ನಾನ ಪರೀಕ್ಷಾ ಮಾಡೇನಿ. ಈ ಬಾವಿಗೋಳು ಉಳಿಯಂಗಿಲ್ರಿ."

ಸಭೆಯಲ್ಲಿ ಗದ್ದಲವೆದ್ದಿತು. ಲೆಕ್ಕ ಮತ್ತೆ ಮಾಡಿಸಿರಿ ಎಂದು ಅಧಿಕಾರಿ ಎದ್ದುಬಿಟ್ಟರು.

ಹೊರಗೆ ಕಾರಿನ ಹತ್ತಿರ ಮಿಲಿಂದ ಅವಳನ್ನು ತಡೆದ. ಅವನ ಮುಖ ಬಿಳಿಚಿತ್ತು.

"ನಮ್ಮಿಬ್ಬರ ಸಲುವಾಗಿ ಮಾಡ್ದೆ, ಮಹೆಕ. ಇದೊಂದು ಪಾಸಾದ್ರ ನನ್ನ ಪಾರ್ಟನರ್ ಮಾಡ್ತಿದ್ರು. ಆಮ್ಯಾಲ ಮನ್ಯಾಗ ಯಾರೂ ನಮ್ಮ ಮಾತಿಗೆ ಅಡ್ಡ ಬರ್ತಿರಲಿಲ್ಲ."

"ಸುಳ್ಳು ಹೇಳೂದಿದ್ರ ನಿನ್ನ ಹೆಸರಿನ ಮ್ಯಾಲ ಹೇಳಬೇಕಿತ್ತು. ನನ್ನ ಹೆಸರು ಯಾಕ ತಗೊಂಡಿ?"

ಅವನು ಕಾರಿನ ಬಾಗಿಲು ತೆರೆದು, ಹತ್ತು ಎಂಬಂತೆ ಕೈ ತೋರಿಸಿದ.

"ಆ ಮಂದಿ ನನ್ನ ನಂಬ್ತಾರಂತ ನಿನಗ ಗೊತ್ತಿತ್ತು. ನಾ ನಿನ್ನ ನಂಬ್ತೇನಂತನೂ ಗೊತ್ತಿತ್ತು. ಎರಡನೂ ಬಳಸಿಕೊಂಡಿ." ಅವಳು ಕಾರು ಹತ್ತಲಿಲ್ಲ, ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಎರಡು ವಾರದ ನಂತರ ಅವನು ಕಮರಿಪೇಟೆಗೆ, ಅವಳ ಅಬ್ಬಾನ ರಿಪೇರಿ ಅಂಗಡಿಗೆ ಬಂದ. ವಿಷಯ ತಿಳಿಯದ ಅಮೀನಸಾಬ ಗಿರಾಕಿಯೆಂದುಕೊಂಡು ಕೂರಿಸಿ ಚಹಾ ತರಿಸಿದರು. ಮಹೆಕ ಅವನನ್ನು ಓಣಿಯ ತಿರುವಿನವರೆಗೆ ಕರೆದೊಯ್ದಳು.

"ಗರಸಿನ ಲೆಕ್ಕ ನಾನ ಹಾಕಿ ಕೊಟ್ಟೆ. ಹೊಂಡದ ವಿಚಾರ ಕೈಬಿಟ್ರು. ನೀರು ಶುದ್ಧ ಮಾಡೋ ಟ್ಯಾಂಕ್ ಕಟ್ಟಬೇಕಂತ ಆಗೇದ. ನನ್ನ ಕೆಲಸನೂ ಹೋತು."

"ಛಲೋ ಮಾಡಿದಿ." ಅವಳು ಮನಸ್ಸಿನಿಂದಲೇ ಹೇಳಿದಳು.

"ಇನ್ನ ಮ್ಯಾಲ ನಾವು..."

"ಬ್ಯಾಡ ಮಿಲಿಂದ. ನೀ ಏನರ ಹೇಳಿದ್ರ ಇನ್ನ ಆ ಮಾತಿನ ಕೆಳಗ ಏನೈತಿ ಅಂತ ನೋಡ್ಕೋತ ಇರತೇನಿ. ಹಂಗ ಬಾಳುವೆ ಮಾಡಾಕ ನನಗ ಆಗಂಗಿಲ್ಲ."

ಅವನ ಕಣ್ಣು ತುಂಬಿದವು. ಅವಳು ಅವನ ಅಂಗಿಯ ತೋಳಿಗಂಟಿದ್ದ ಧೂಳನ್ನು ಬೆರಳಿನಿಂದ ಒರೆಸಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಅಂಗಡಿಯಲ್ಲಿ ಅಬ್ಬಾ ಖಾಲಿ ಗ್ಲಾಸುಗಳನ್ನು ಬದಿಗಿಡುತ್ತಿದ್ದರು. "ಯಾರವ್ವಾ ಅಂವ? ಹುಡುಗ ಛಲೋ ಕಂಡ."

"ಛಲೋನ ಇದ್ದ, ಅಬ್ಬಾ" ಎಂದಳು ಮಹೆಕ. ಆ ಮಾತು ಬಾಯಿಂದ ಬಂದ ಮೇಲೆಯೇ ಅವಳಿಗೆ ಅಳು ಬಂತು. ಅಮೀನಸಾಬ ಏನೂ ಕೇಳದೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮಗಳ ಪಕ್ಕದಲ್ಲಿ ಬಂದು ಕೂತರು.