ಬಾಳೆಗೊನೆಯ ಮುನಿಸು

"ದಾಮಿಯಾನ್ ಮೇಲೆ ಯಾರಿಗಾದ್ರೂ ಮನಸ್ತಾಪ ಇದೆಯೇನ್ರಪ್ಪಾ? ಇದ್ರೆ ಈಗ್ಲೇ ಹೇಳ್ಬಿಡಿ."

ದೋಣಿಮನೆಯ ಮುಂದೆ ನಿಂತು ಕೊರ್ನೆಲಿಸ್ ಕೇಳಿದ. ಲೆಂಬಾತಾ ದ್ವೀಪದ ಆ ತೀರದಲ್ಲಿ, ಹೊಗೆಯಾಡುವ ಬೆಟ್ಟದ ಬುಡದಲ್ಲಿ, ಕಡಲಿಗಿಳಿಯುವ ಕಾಲ ಬಂದಾಗಲೆಲ್ಲ ದೋಣಿಯ ಯಜಮಾನ ಒಬ್ಬೊಬ್ಬನ ಹೆಸರು ಹಿಡಿದು ಹೀಗೆ ಕೇಳಲೇಬೇಕು. ಸಾಮಾನ್ಯವಾಗಿ ಎಲ್ಲರೂ ಸುಮ್ಮನಿರುತ್ತಾರೆ. ಕರಟದಲ್ಲಿ ತಾಳೆಹೆಂಡ ಕೈಯಿಂದ ಕೈಗೆ ಹೋಗುತ್ತದೆ. ಮುನಿಸು ಹೊತ್ತ ದೋಣಿಗೆ ಮೀನು ಮುಖ ತೋರಿಸುವುದಿಲ್ಲ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

"ನನಗಿದೆ," ಎಂದಳು ಬರ್ಗಿತಾ.

ಯಜಮಾನನ ಸ್ವಂತ ಮಗಳು! ಕರಟ ಅರ್ಧದಾರಿಯಲ್ಲೇ ನಿಂತಿತು.

ಮೂರು ವರ್ಷ ಕುಪಾಂಗ್ ಬಂದರಿನಲ್ಲಿ ದುಡಿದು, ಹಿಂದಿನ ದಿನವಷ್ಟೇ ಹಡಗಿನಿಂದಿಳಿದಿದ್ದ ದಾಮಿಯಾನ್ ಮೆಲ್ಲನೆ ತಲೆಯೆತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದವನು ಅವನೇ.

"ಅವತ್ತು ನಾನು ಬೆಟ್ಟದ ಮೇಲಿನ ಸಂತೆಗೆ ಹೋಗಿದ್ದೆ. ಇವನಿಗಿಷ್ಟ ಅಂತ ಕೆಂಬಾಳೆ ಗೊನೆ ತಲೆ ಮೇಲೆ ಹೊತ್ತು ತಂದೆ. ಬಂದು ನೋಡಿದ್ರೆ ಹಡಗು ಹೋಗಿತ್ತು, ಇವನೂ ಹೋಗಿದ್ದ. ಒಂದು ಮಾತಿಲ್ಲ. ಗೊನೆ ಹಣ್ಣಾಗಿ, ಕಪ್ಪಾಗಿ, ಕೊಳೆತು ಹೋಯ್ತು."

"ಕುಪಾಂಗ್‌ನಿಂದ ನಿಂಗೆ ಶಾಲು ತಂದಿದ್ದೀನಲ್ಲ," ಎಂದ ದಾಮಿಯಾನ್.

"ಅದನ್ನ ದೋಣಿಗೆ ಹಾಯಿ ಕಟ್ಟು."

ತೀರವೆಲ್ಲ ನಕ್ಕಿತು. ಕೊರ್ನೆಲಿಸ್ ನಗಲಿಲ್ಲ. "ಇತ್ಯರ್ಥ ಆಗೋವರೆಗೂ ನೀನು ದೋಣಿ ಮುಟ್ಟೋ ಹಾಗಿಲ್ಲ ಕಣಪ್ಪ. ಸೋಮವಾರ ನಾವು ಹೊರಡ್ತೀವಿ. ಏನು ಮಾಡ್ಬೇಕಂತೆ, ಅವಳನ್ನೇ ಕೇಳು."

"ಶನಿವಾರ ನನ್ನ ಬುಟ್ಟಿ ನೀನು ಹೊರ್ಬೇಕು," ಎಂದಳು ಬರ್ಗಿತಾ. "ನಮ್ಮ ಜೊತೆ ಸಂತೆಗೆ."

ಒಣಮೀನು ಹೊತ್ತು ಬೆಟ್ಟ ಹತ್ತಿ ಜೋಳ, ಬಾಳೆಗೆ ಬದಲಾಯಿಸುವುದು ಹೆಂಗಸರ ಕೆಲಸ. ಗಂಡಸು ತಲೆಯ ಮೇಲೆ ಬುಟ್ಟಿ ಇಟ್ಟದ್ದನ್ನು ಆ ಊರು ಕಂಡಿರಲಿಲ್ಲ.

"ಸಿಂಬಿ ನೀನೇ ಸುತ್ತಿ ಕೊಡ್ತೀಯಾ?" ಎಂದು ಕೇಳಿದ ದಾಮಿಯಾನ್.

ಈ ಸಲ ಕಣ್ಣು ತಪ್ಪಿಸಿದವಳು ಅವಳು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹೆಂಗಸರ ಸಾಲು ಹೊರಟಿತು. ಸಾಲಿನ ನಡುವೆ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಾಮಿಯಾನ್. ಅವನ ಹಿಂದೆ, ಕೈ ಬೀಸಿಕೊಂಡು ಬರ್ಗಿತಾ. ಬೆವರು ಅವನ ಕತ್ತಿನ ಹಿಂದೆ ಹರಿದು ಅಂಗಿಯೊಳಗೆ ಇಳಿಯುವುದನ್ನು ಅವಳು ಬೇಡವೆಂದರೂ ನೋಡುತ್ತಿದ್ದಳು.

"ಸಾಕು ಬಿಡೇ, ಪಾಪ," ಎಂದಳು ಪಕ್ಕದ ಮನೆಯ ರೆಗಿನಾ ಅತ್ತೆ. "ಇಲ್ಲಾ, ಜಗಳ ಆಡು, ಆಡು. ಜಗಳ ಆಡೋ ಭಾಗ್ಯ ನಿಂದು. ನನ್ನ ಗಂಡ ಕಡಲಲ್ಲಿದ್ರೆ ನನ್ನ ಬೆನ್ನಿಗೆ ಬೆಂಕಿ ಬಿದ್ರೂ ನಾನು ಬಾಯಿ ತೆಗೆಯೋ ಹಾಗಿಲ್ಲ. ಹೆಂಡ್ತಿ ಕೂಗಾಡಿದ್ರೆ ಅಲ್ಲಿ ಗಂಡನ ಹಗ್ಗ ಸಿಕ್ಕಾಗುತ್ತೆ."

"ಅದಕ್ಕೇ ಅಲ್ವಾ ನಿಮ್ಮ ಹಂದಿ ಕಂಡ ಬುಟ್ಟಿಗೆಲ್ಲ ಬಾಯಿ ಹಾಕಿ ಅಷ್ಟು ಕೊಬ್ಬಿರೋದು? ನನ್ನ ಕೂಗಿಗೆ ಮಾತ್ರ ಹೆದರೋದು ಅದು," ಎಂದಳು ಬರ್ಗಿತಾ.

ಸಂತೆಯಲ್ಲಿ ದಾಮಿಯಾನ್ ಮಾನ ಹರಾಜಾಯಿತು. ಅಲ್ಲಿ ಎಲ್ಲ ಆರರ ಲೆಕ್ಕ. ಒಂದು ತುಂಡು ಮೀನಿಗೆ ಎರಡು ಆರು, ಅಂದರೆ ಹನ್ನೆರಡು ಬಾಳೆ. ಪಟ್ಟಣದ ನೋಟು, ಕಿಲೋ ತಲೆಯಲ್ಲಿಟ್ಟುಕೊಂಡು ಅವನು ತಡವರಿಸಿ, ಬುಟ್ಟಿಯನ್ನೇ ಬರಿದು ಮಾಡಿ ಸಣ್ಣದೊಂದು ಕೆಂಬಾಳೆ ಗೊನೆ ಪಡೆದ.

"ಇಂಥ ಗಿರಾಕಿನ ಪ್ರತಿ ವಾರ ಕಳಿಸು ತಾಯಿ," ಎಂದಳು ಬೆಟ್ಟದ ಮುದುಕಿ ಬರ್ಗಿತಾಳಿಗೆ. "ನಿಮ್ಮ ಮನೆ ಅಳಿಯನಾ?"

"ಇನ್ನೂ ನೋಡ್ತಾ ಇದೀವಿ ಅಜ್ಜಿ."

ಇಳಿಯುವ ದಾರಿಯಲ್ಲಿ ಇಬ್ಬರೂ ಹಿಂದುಳಿದರು. ಕೆಳಗೆ ಕಪ್ಪು ಕಲ್ಲಿನ ತೀರ, ಅದರಾಚೆ ಕಡಲು.

"ಹೇಳದೆ ಯಾಕೆ ಹೋದೆ?"

"ಹೇಳೋಕೆ ಬಂದಿದ್ರೆ ಹೋಗ್ತಾನೇ ಇರ್ಲಿಲ್ಲ."

"ಹೋಗ್ದಿದ್ರೆ ಏನಾಗ್ತಿತ್ತು?"

"ಪ್ರತಿ ಹಡಗು ನೋಡಿದಾಗ್ಲೂ ಅದು ಹೋಗೋ ಕಡೆ ಏನಿದೆಯೋ ಅಂತ ಕೊರಗ್ತಿದ್ದೆ. ನಿನ್ನ ಪಕ್ಕ ಕೂತ್ಕೊಂಡೇ ಕೊರಗ್ತಿದ್ದೆ."

"ಈಗ?"

"ಏನೂ ಇಲ್ಲ ಅಲ್ಲಿ. ಡೀಸೆಲ್ ವಾಸನೆ ಇದೆ. ಆದ್ರೂ ಹೇಳದೆ ಹೋಗಿದ್ದು ತಪ್ಪು ಬರ್ಗಿ. ನಿನ್ನ ಮುಖಕ್ಕೆ ಹೆದರಿದೆ."

ಅವಳು ನಿಂತಳು. ಕೈ ಚಾಚಿ, ಅವನ ಹಣೆಗೆ ಜಾರಿದ್ದ ಸಿಂಬಿಯನ್ನು ಸರಿಮಾಡಿದಳು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು.

"ದೋಣಿ ಹತ್ತಿಸ್ತೀಯಾ?" ಎಂದ ಅವನು.

"ಹತ್ತು."

"ಮನೆ?"

"ಒಂದೇ ದಿನ ಎಷ್ಟು ಕೇಳ್ತೀಯಾ? ನಡಿ."

ಸೋಮವಾರ ಕೊರ್ನೆಲಿಸ್ ಮತ್ತೆ ಕೇಳಿದ. ಬರ್ಗಿತಾ ಎಲ್ಲರೆದುರು ಕರಟದಿಂದ ಒಂದು ಗುಟುಕು ಕುಡಿದು ದಾಮಿಯಾನ್ ಕೈಗೆ ಕೊಟ್ಟಳು. ಅವಳ ತುಟಿ ತಾಕಿದ ಅಂಚನ್ನೇ ಹುಡುಕಿ ಅವನು ಕುಡಿದದ್ದನ್ನು ತೀರದ ಹೆಂಗಸರೆಲ್ಲ ಕಂಡರು. ದೋಣಿ ನೀರಿಗಿಳಿಯಿತು. ದಾಮಿಯಾನ್ ಕೇಳಿದ ಎರಡನೆಯ ಪ್ರಶ್ನೆಗೆ, ಮನೆಯ ಪ್ರಶ್ನೆಗೆ, ಇನ್ನೂ ಉತ್ತರ ಸಿಕ್ಕಿರಲಿಲ್ಲ. ಹುಟ್ಟು ಹಾಕುತ್ತ ಅವನು ತೀರದ ಕಡೆಗೇ ನೋಡುತ್ತಿದ್ದ.

ಆಗ ರೆಗಿನಾ ಅತ್ತೆಯ ಹಂದಿ ಬಂತು. ಬರ್ಗಿತಾಳ ಕಾಲ ಬಳಿಯಿದ್ದ ಬುಟ್ಟಿಗೆ ಮೂತಿ ಹಾಕಿ, ಅವನು ಮಾನ ಮಾರಿ ತಂದ ಕೆಂಬಾಳೆಯನ್ನು ಚಪ್ಪರಿಸತೊಡಗಿತು. ಎಲ್ಲರೂ ಅವಳ ಕೂಗಿಗೆ ಕಾದರು. ಹಂದಿಯೂ ಒಮ್ಮೆ ತಲೆಯೆತ್ತಿ ನೋಡಿತು.

ಬರ್ಗಿತಾ ತುಟಿ ಬಿಗಿಹಿಡಿದು ನಿಂತಳು.

"ಯಾಕೇ, ಬಾಯಿ ಬಿದ್ದೋಯ್ತಾ?" ಎಂದಳು ರೆಗಿನಾ ಅತ್ತೆ.

"ನಮ್ಮನೆಯವನು ಕಡಲಲ್ಲಿದಾನೆ ಅತ್ತೆ," ಎಂದಳು ಬರ್ಗಿತಾ. ಮೆಲ್ಲಗೆ, ಆದರೆ ದೋಣಿಗೆ ಕೇಳಿಸುವಷ್ಟು.

ದಾಮಿಯಾನನ ಹುಟ್ಟು ನೀರು ಬಿಟ್ಟು ಗಾಳಿಯನ್ನು ಸೀಳಿತು.

"ಏಯ್, ನೆಟ್ಟಗೆ ಹಾಕೋ!" ಎಂದು ಗದರಿದ ಕೊರ್ನೆಲಿಸ್, ಮೀಸೆಯಡಿ ನಗುತ್ತ.