ಅತ್ತೆಯ ಪಾದಗಳು ನುಣ್ಣನೆ ಗುಡ್ಡ ಹತ್ತಿದ ಕತೆ

ಬಹಳ ಕಾಲದ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಾಗ, ಸುರಗಿನಾಡು ಎಂಬ ರಾಜ್ಯವಿತ್ತು. ಆ ನಾಡಿನಲ್ಲೊಂದು ಕಟ್ಟಳೆ. ಸೊಸೆಯಾದವಳು ಅತ್ತೆಯ ಮುಖ ನೋಡಿ ಮಾತಾಡಬಾರದು. ಸೆರಗು ಹಣೆಯ ಮೇಲಿರಬೇಕು, ಕಣ್ಣು ಅತ್ತೆಯ ಪಾದದ ಮೇಲಿರಬೇಕು. ಅದೇ ಮರ್ಯಾದೆ. ಯಾರು ಮಾಡಿದ ಕಟ್ಟಳೆ, ಯಾಕೆ ಮಾಡಿದ್ದು ಅಂತ ಕೇಳಿದವರಿಲ್ಲ.

ಆ ನಾಡಿನ ಒಂದು ಊರಿನಲ್ಲಿ ಶಾವಂತ್ರಿ ಎಂಬ ಸೊಸೆ, ಗುರುಸಿದ್ದವ್ವ ಎಂಬ ಅತ್ತೆ ಇದ್ದರು. ಮಗ ಎತ್ತಿನ ಮೇಲೆ ಹೇರು ಹೇರಿಕೊಂಡು ಪರನಾಡಿಗೆ ವ್ಯಾಪಾರಕ್ಕೆ ಹೋಗಿದ್ದ. ಎರಡು ವರ್ಷ ಒಂದೇ ಸೂರಿನಡಿ ಇದ್ದರೂ ಶಾವಂತ್ರಿಗೆ ಅತ್ತೆಯ ಮುಖ ಹೇಗಿದೆ ಅಂತ ಗೊತ್ತಿರಲಿಲ್ಲ. ಪಾದ ಮಾತ್ರ ಚೆನ್ನಾಗಿ ಗೊತ್ತಿತ್ತು. ಧಪಧಪ ಅಂತ ನೆಲ ಗುದ್ದಿಕೊಂಡು ಬರುವ ಪಾದಗಳು. "ಅತ್ತಿ ನನ್ನ ಮ್ಯಾಲ ಸಿಟ್ಟಾಗ್ಯಾರ" ಅಂತ ಆಕೆ ದಿನಾ ಹೆದರುತ್ತಿದ್ದಳು.

ಹೀಗಿರುವಾಗ ಕಾಡಿಗೆರಾಯ ಎಂಬ ಮಾಂತ್ರಿಕ ಬಂದು ದೂರದ ನುಣ್ಣನೆ ಗುಡ್ಡದ ಮೇಲೆ ಮನೆ ಕಟ್ಟಿದ. ಊರೂರಿಗೆ ಪುಕ್ಕಟೆ ಕಾಡಿಗೆ ಹಂಚಿಸಿದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ, ಕೇಳಬೇಕೆ! ಎಲ್ಲರೂ ಬಳಿದುಕೊಂಡರು. ಬಳಿದುಕೊಂಡವರಿಗೆ ದೂರದ್ದೆಲ್ಲ ಥಳಥಳ ಹೊಳೆಯಿತು, ಹತ್ತಿರದ್ದೆಲ್ಲ ಬೂದಿಬಣ್ಣಕ್ಕೆ ತಿರುಗಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ಮುದುಕರೇ ಅಂಗಳದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ಆ ಗುಡ್ಡವನ್ನು ನೋಡತೊಡಗಿದರು.

ಕಾಡಿಗೆಯ ಹಿಂದೆ ಒಂದು ಮಂತ್ರವಿತ್ತು. ಯಾವುದನ್ನು ಮೂರು ದಿನ ಯಾರೂ ನೋಡುವುದಿಲ್ಲವೋ ಅದು ಕಾಡಿಗೆರಾಯನ ಮನೆ ಸೇರುತ್ತಿತ್ತು. ಅಜ್ಜನ ಕಾಲದ ತೊಟ್ಟಿಲು ಹೋಯಿತು. ಗಂಧದ ಕೊರಡು ಹೋಯಿತು. ಬಾಗಿಲ ಮೇಲೆ ಕೆತ್ತಿದ್ದ ಗಿಳಿ ಹಾರಿತು. ಅರಮನೆಯ ಸಿಂಹಾಸನವೂ ಹೋಯಿತು. ರಾಜ ನೆಲದ ಮೇಲೆ ಕೂತು ಎರಡು ದಿನ ಆಳಿದ ಮೇಲೆ ಮಂತ್ರಿ, "ಪ್ರಭೂ, ತಾವು ಯಾಕೋ ಗಿಡ್ಡ ಆದಂಗ ಕಾಣ್ತೀರಿ" ಅಂದನಂತೆ.

ಒಂದು ಮುಂಜಾನೆ ಪಕ್ಕದ ಮನೆಯ ಕಲ್ಲವ್ವ ಒಲೆಗೆ ಕೆಂಡ ಕೇಳಲು ಬಂದವಳು ಕಿಟಾರನೆ ಕಿರುಚಿದಳು. "ಯವ್ವಾ ಶಾವಂತ್ರಿ! ನಿಮ್ಮತ್ತಿ ಎಲ್ಲಿ? ಬರೇ ಪಾದ ಅಷ್ಟ ಅದಾವಲ್ಲ!"

ಶಾವಂತ್ರಿ ತಲೆ ಎತ್ತಿದಳು. ಕಣಕಾಲಿನ ಮೇಲೆ ಏನೂ ಇರಲಿಲ್ಲ. ಮೂರು ದಿನದಿಂದ ಅತ್ತೆ ಮಾತಾಡಿರಲಿಲ್ಲ. ಸಿಟ್ಟಿರಬೇಕು ಅಂತ ಸೊಸೆ ತೆಪ್ಪಗಿದ್ದಳು. ದಿನಾ ನೋಡುತ್ತಿದ್ದ ಪಾದ ಮಾತ್ರ ಉಳಿದಿತ್ತು, ಉಳಿದದ್ದೆಲ್ಲ ಮಾಂತ್ರಿಕನ ಪಾಲಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಪೀಡೆ ತೊಲಗಿತು ಅಂತ ಕಾಲು ಚಾಚಿ ಮಲಗುತ್ತಿದ್ದರೇನೋ. ಶಾವಂತ್ರಿ ಗೊಳೋ ಎಂದು ಅತ್ತಳು. "ಎರಡು ವರ್ಷ ಅವರ ಕೈಯಾಗಿನ ಅನ್ನಾ ಉಂಡೆ. ಬಡಿಸಿದವರ ಮುಖಾ ನೋಡಲಿಲ್ಲಲ್ಲವ್ವಾ!"

ಆ ಊರಿನಲ್ಲಿ ಕಾಡಿಗೆ ಹಚ್ಚದೆ ಉಳಿದವನು ದುಂಡಜ್ಜ ಒಬ್ಬನೇ. ತಂಬೂರಿ ರಿಪೇರಿ ಮಾಡುವ ಹುಟ್ಟುಕುರುಡ. ಅವನು ಹೇಳಿದ: "ಅಮಾಸಿಗೆ ಇನ್ನ ಒಂಬತ್ತು ದಿನ ಐತಿ, ತಂಗಿ. ಅವತ್ತ ಆ ಕಾಡಿಗೆರಾಯ ಕೂಡಿಹಾಕಿದ್ದೆಲ್ಲಾ ಸುಟ್ಟು ಹೊಸಾ ಕಾಡಿಗಿ ಮಾಡ್ತಾನ. ಅಷ್ಟರೊಳಗ ನಿಮ್ಮತ್ತಿನ್ನ ಕರಕೊಂಡ ಬಾ. ಆ ಕಾಡಿಗಿ ತೊಳದರ ಹೋಗಂಗಿಲ್ಲ, ನೋಡಿದರ ಹೋಗತೈತಿ. ದಾರ್‍ಯಾಗ ಮೂರು ಪ್ರಾಣಿ ಕುಂತಾವು. ಕೇಳಿದ್ದಕ್ಕ ಸುಳ್ಳು ಹೇಳಬ್ಯಾಡ."

ಶಾವಂತ್ರಿ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟಳು. ಹಿಂದೆ ಧಪಧಪ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಅತ್ತೆಯ ಎರಡು ಪಾದಗಳು ಹಿಂಬಾಲಿಸುತ್ತಿದ್ದವು. ಸರಿ, ಇಬ್ಬರೂ ನಡೆದರು.

ಮೂರನೆಯ ದಿನ ಒಂದು ಹೊಳೆ ಅಡ್ಡ ಬಂತು. ಗುಡಿಸಲಿನಷ್ಟು ದೊಡ್ಡ ಆಮೆ ನೀರಿನಿಂದ ಕತ್ತು ಎತ್ತಿ, "ಇಲ್ಲಿ ಏನು ನೋಡಿದೆ?" ಅಂದಿತು.

"ಆಚೆ ದಂಡೆಯೊಳಗ ಬಂಗಾರದಂಥ ಮರಳು" ಅಂದಳು ಶಾವಂತ್ರಿ.

"ಅದು ದೂರದ್ದು" ಎಂದು ಆಮೆ ಮುಳುಗಿತು. ಮತ್ತೆ ಎದ್ದು ಕೇಳಿತು.

"ಬೆಳ್ಳಿ ಮೋಡ" ಅಂದಳು.

"ಅದು ಇನ್ನೂ ದೂರದ್ದು." ಆಮೆ ಮತ್ತೆ ಮುಳುಗಿತು.

ಏನು ಮಾಡುವುದೆಂದು ತಿಳಿಯದೆ ಅತ್ತಿತ್ತ ನೋಡಿದರೆ, ಪಾದಗಳು ತಮ್ಮ ಪಾಡಿಗೆ ದಂಡೆಯ ಒಗೆಯುವ ಕಲ್ಲು ಹತ್ತಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದವು! ಶಾವಂತ್ರಿಗೆ ಅಳುವಿನ ನಡುವೆಯೂ ನಗು ಬಂತು. ಹತ್ತಿರ ಹೋಗಿ ಕೂತಳು. ಆಗ ಕಲ್ಲು ಕಣ್ಣಿಗೆ ಬಿತ್ತು. ಅದರ ಮೇಲೊಂದು ಹಂಸ ಕೆತ್ತಿತ್ತು. ಬಟ್ಟೆ ಬಡಿದು ಬಡಿದು ಕತ್ತು ಸವೆದಿತ್ತು, ಕಣ್ಣು ಉಳಿದಿತ್ತು. "ಇದು ಒಗೆಯೋ ಕಲ್ಲಲ್ಲ, ಹೊಸ್ತಿಲ! ಯಾವ ಅರಮನಿದಿದ್ದೀತು? ಹೊಳಿಗೆ ಯಾರು ತಂದು ಹಾಕಿದರು? ಹಂಸದ ಕಾಲು ಮಣ್ಣಾಗ ಹುಗದಾವೇನ?" ಆಕೆ ಕೇಳುತ್ತ ಹೋದಂತೆ ಕಲ್ಲಿಗೆ ನಸುಗೆಂಪು ಬಣ್ಣ ಮರಳಿತು.

ಆಮೆ ಮೇಲೆ ಬಂತು. "ನೂರು ವರ್ಷದಲ್ಲಿ ಇದನ್ನು ಕೇಳಿದವಳು ನೀನೇ ಮೊದಲು. ಹತ್ತು" ಎಂದು ಬೆನ್ನು ಕೊಟ್ಟಿತು.

ಆರನೆಯ ದಿನ ಒಂದು ಹಾಳುಬಿದ್ದ ಸಂತೆಬಯಲು ಸಿಕ್ಕಿತು. ಹಳೆಯ ಸಾಮಾನಿನ ರಾಶಿಯ ಮೇಲೆ ಗಂಡಭೇರುಂಡ ಕೂತಿತ್ತು. ಒಂದು ತಲೆ, "ಇದರಲ್ಲಿ ಮೇಲಾದದ್ದು ಯಾವುದು?" ಅಂದಿತು. ಇನ್ನೊಂದು ತಲೆ, "ಯಾಕೆ ಅಂತಲೂ ಹೇಳು" ಅಂದಿತು.

ರಾಶಿಯಲ್ಲಿ ರತ್ನದ ಕನ್ನಡಿ ಇತ್ತು, ಬಂಗಾರದ ತಂಬಿಗೆ ಇತ್ತು. ಶಾವಂತ್ರಿ ಕನ್ನಡಿ ಮುಟ್ಟಿದಳು, ಹೇಳಲು ಏನೂ ತೋಚಲಿಲ್ಲ. ತಂಬಿಗೆ ಎತ್ತಿದಳು, ಯಾರೂ ನೀರು ಕುಡಿದ ಗುರುತಿರಲಿಲ್ಲ. ಕೊನೆಗೆ ಒಂದು ಕಟ್ಟಿಗೆಯ ಕಡಗೋಲು ಕೈಗೆ ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಮೂಸಿದಳು, ಬೆರಳಾಡಿಸಿದಳು.

"ಹಗ್ಗದ ಗೀರು ಒಂದ ಕಡೆ ಆಳ ಐತಿ. ಮಜ್ಜಿಗಿ ಕಡದಾಕಿ ಎಡಗೈಯಾಕಿ. ಗೀರು ಭಾಳ ಕೆಳಗೈತಿ, ಅಂದರ ಆಕಿ ಗಿಡ್ಡಕಿ. ಮತ್ತ ತುದಿಯೊಳಗ ಇವು ನೋಡ್ರಿ, ಸಣ್ಣ ಸಣ್ಣ ಹಲ್ಲಿನ ಗುರುತು! ಮಗ್ಗಲಕ ಕೂಸು ಕುಂತು ಕಚ್ಚೈತಿ. ಹಲ್ಲು ಬರೂ ಕಾಲ." ಆಕೆಯ ಕಣ್ಣು ಅರಳಿದವು. "ಆ ಕೂಸು ಏನಾತು? ಆ ಮನಿಯಾಗ ಬೆಣ್ಣಿ ಯಾರಿಗೆ ಮೊದಲು ಕೊಡ್ತಿದ್ದರು? ನಿಮಗೇನರ ಗೊತ್ತೈತೇನ್ರಿ?"

ಎರಡು ತಲೆಗಳೂ ಪರಸ್ಪರ ಮುಖ ನೋಡಿಕೊಂಡವು. ಜನ್ಮದಲ್ಲಿ ಮೊದಲ ಸಲ ಅವುಗಳನ್ನು ಯಾರೋ ತಿರುಗಿ ಪ್ರಶ್ನೆ ಕೇಳಿದ್ದರು. ಹಕ್ಕಿ ರೆಕ್ಕೆ ಸರಿಸಿ ದಾರಿ ಬಿಟ್ಟಿತು.

ಹೀಗೆ ಅಮಾವಾಸ್ಯೆಯ ಮುಂಜಾನೆ ಇಬ್ಬರೂ ಗುಡ್ಡ ತಲುಪಿದರು. ನುಣ್ಣಗೆ ಎಲ್ಲಿ? ಬರೀ ಮುಳ್ಳು, ಕೊರಕಲು, ಜಾರುಗಲ್ಲು. ಮೇಲೆ ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ ನಿಂತಿತ್ತು. "ಯಾರಿಗಾಗಿ ಬಂದೆ? ಅವರ ಮುಖದ ಗುರುತು ಹೇಳು."

ಶಾವಂತ್ರಿ ಯೋಚಿಸಿದಳು. ಚೆಲುವೆ ಅನ್ನಲೇ, ಉದ್ದ ಮೂಗು ಅನ್ನಲೇ? ದುಂಡಜ್ಜನ ಮಾತು ನೆನಪಾಯಿತು. "ನಮ್ಮ ಅತ್ತಿಗಾಗಿ ಬಂದೇನ್ರಿ. ಮುಖಾ ಗೊತ್ತಿಲ್ಲ. ತಪ್ಪು ನಂದ."

"ನಿಜ ಹೇಳಿದೆ, ಒಳಗೆ ಹೋಗು" ಅಂದಿತು ಯಾಳಿ. "ಚಪ್ಪಲಿಯ ಜೊತೆ ಆ ಪಾದಗಳನ್ನೂ ಹೊರಗೇ ಬಿಡು. ಒಬ್ಬರನ್ನು ಮಾತ್ರ ಮುಟ್ಟಬಹುದು. ತಪ್ಪಿದರೆ ಸಂಜೆ ನೀನೂ ಅವರ ಜೊತೆ ಬೂದಿಯಾಗುತ್ತೀ."

ಒಳಗೆ ದೊಡ್ಡ ಪಡಸಾಲೆ. ನಾಡಿನ ತೊಟ್ಟಿಲು, ದೀಪ, ಸಿಂಹಾಸನ ಎಲ್ಲ ಮಾಡಿನ ತನಕ ಒಟ್ಟಿದ್ದವು. ಅವುಗಳ ನಡುವೆ ಸಾಲಾಗಿ ಕೂತ ನೂರಾರು ಹೆಂಗಸರು, ಮೈಮೇಲೆ ಬೂದಿ, ಕಣ್ಣು ಮುಚ್ಚಿದ್ದವು. ಒಬ್ಬರಿಗೂ ಪಾದವಿಲ್ಲ. ಸುರಗಿನಾಡಿನ ಸೊಸೆಯಂದಿರೆಲ್ಲ ಅಷ್ಟು ಮರ್ಯಾದಸ್ಥರು! ಕಾಡಿಗೆರಾಯ ಕಿಟಕಿಯಲ್ಲಿ ಕೂತು ಏಳು ಸಮುದ್ರದಾಚೆಗಿನ ಊರುಗಳನ್ನು ನೋಡುತ್ತಿದ್ದ. ತಿರುಗಿಯೂ ನೋಡದೆ, "ಹುಡುಕು, ಹುಡುಕು" ಅಂದ.

ಶಾವಂತ್ರಿ ಒಂದು ಗಳಿಗೆ ಕಣ್ಣುಮುಚ್ಚಿ ನಿಂತಳು. ಕಡಗೋಲನ್ನು ಓದಿದ ಹಾಗೆ ಆ ಪಾದಗಳನ್ನು ನೆನೆದಳು. ಎಡ ಹಿಮ್ಮಡಿ ಹೆಚ್ಚು ಸವೆದಿದೆ. ಅಂದರೆ ಎಡ ಸೊಂಟದ ಮೇಲೆ ಕೊಡ ಹೊತ್ತವರು. ಬಲ ಹೆಬ್ಬೆರಳ ಪಕ್ಕ ಗಂಟು ಕಟ್ಟಿದೆ. ಈಳಿಗೆಮಣೆಯನ್ನು ಕಾಲಿನಿಂದ ಒತ್ತಿ ಹಿಡಿದವರು, ಬೆರಳಲ್ಲಿ ಗೀರು ಇರಲೇಬೇಕು. ಮತ್ತೆ ಆ ಧಪಧಪ? ಹೆಜ್ಜೆ ಮೆಲ್ಲಗೆ ಇಡಬೇಕಾದರೆ ಮೊಣಕಾಲು ಮಡಚಬೇಕು. ಮೊಣಕಾಲು ಮಡಚದಿದ್ದರೆ ಪಾದ ಧಪ್ಪನೆ ಬೀಳುತ್ತದೆ.

"ಅಯ್ಯ, ಸಿಟ್ಟಲ್ಲ!" ಅಂದಳು ಶಾವಂತ್ರಿ. "ಅವರಿಗೆ ಮೊಣಕಾಲು ಬ್ಯಾನಿ!" ಎರಡು ವರ್ಷದ ಹೆದರಿಕೆ ಆ ಒಂದು ಮಾತಿನಲ್ಲಿ ಕರಗಿ, ಎದೆ ಉರಿಯುವಷ್ಟು ನಾಚಿಕೆಯಾಯಿತು.

ಸಾಲಿನಲ್ಲಿ ನಡೆದಳು. ಒಬ್ಬರ ಬೆರಳು ನುಣ್ಣಗಿದ್ದವು. ಒಬ್ಬರ ಬಲ ಭುಜ ಬಾಗಿತ್ತು. ಕೊನೆಯ ಸಾಲಿನಲ್ಲಿ ಒಬ್ಬರು ಎಡಕ್ಕೆ ವಾಲಿ ಕೂತಿದ್ದರು. ತೋರುಬೆರಳ ತುಂಬ ಸಣ್ಣ ಕಪ್ಪು ಗೀರು. ಎರಡೂ ಅಂಗೈ ಮೊಣಕಾಲಿನ ಮೇಲೆ, ನೋವನ್ನು ಒತ್ತಿ ಹಿಡಿದ ಹಾಗೆ. ಶಾವಂತ್ರಿ ಆ ಕೈಗಳನ್ನು ಹಿಡಿದಳು. "ಇವರ ನಮ್ಮತ್ತಿ."

ಬೂದಿ ಉದುರಿತು. ಗುರುಸಿದ್ದವ್ವ ಕಣ್ಣು ಬಿಟ್ಟಳು. ಸೊಸೆ ಹಳೆಯ ರೂಢಿಯಂತೆ ತಲೆ ತಗ್ಗಿಸಹೋದಳು. ಅತ್ತೆ ಗದ್ದ ಹಿಡಿದೆತ್ತಿದಳು.

"ತಗ್ಗಸಬ್ಯಾಡ. ಎರಡು ವರ್ಷ ನಿನ್ನ ಸೆರಗಿನ ಅಂಚು ಅಷ್ಟ ನೋಡೇನಿ. ಈ ಹುಡುಗಿಗೆ ನಾ ಬ್ಯಾಡಾಗೇನೇನೋ ಅಂತಿದ್ದೆ."

"ನಾನೂ ಹಂಗ ಅಂತಿದ್ದೆ, ಅತ್ತೀ" ಅಂದಳು ಶಾವಂತ್ರಿ. ಇಬ್ಬರೂ ಅತ್ತರು. ಅಳುವಿನ ಜೊತೆ ಕಣ್ಣಿನ ಕಾಡಿಗೆ ಕೊನೆಯ ಗೆರೆಯ ತನಕ ಇಳಿದುಹೋಯಿತು.

ಆಮೇಲೆ ಶಾವಂತ್ರಿ ಕಿಟಕಿಯ ಕಡೆ ತಿರುಗಿದಳು. ಆಕೆಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. "ಅಲ್ಲೋ ಎಪ್ಪಾ, ಇಷ್ಟು ಚಂದದ್ದೆಲ್ಲಾ ತಂದಿಟ್ಟೀಯಲ್ಲ. ಈ ಮೂರು ದಿನದಾಗ ಇದರಾಗಿಂದು ಯಾವುದು ನೋಡಿದಿ? ಒಂದರ ಗುರುತರ ಹೇಳು."

ಕಾಡಿಗೆರಾಯ ಬಾಯಿ ತೆರೆದ. ದೀಪವೋ, ಗಿಳಿಯೋ, ತೊಟ್ಟಿಲೋ? ಒಂದೂ ನೆನಪಿಲ್ಲ. ತಂದು ಒಟ್ಟಿದ್ದನೇ ಹೊರತು ಒಂದನ್ನೂ ನೋಡಿರಲಿಲ್ಲ. ಮೂರು ದಿನ ನೋಡದ್ದು ಮನೆಯಲ್ಲಿ ನಿಲ್ಲುವುದಿಲ್ಲ. ಅದು ಅವನದೇ ಮಂತ್ರ. ಅವನ ಮನೆಗೂ ಅದೇ ಮಂತ್ರ ತಾಗಿತು. ತೊಟ್ಟಿಲುಗಳು ತೂಗುತ್ತ ಎದ್ದವು, ದೀಪಗಳು ಹಾರಿದವು, ಗಿಳಿ ಕೂಗುತ್ತ ಊರ ಕಡೆ ಹೋಯಿತು. ಅತ್ತೆಯರೆಲ್ಲ ಕಣ್ಣುಜ್ಜಿಕೊಂಡು ಎದ್ದು, ಸೊಸೆಯಂದಿರ ಹೆಸರು ಹಿಡಿದು ಕೂಗುತ್ತ ಗಾಳಿಯಲ್ಲಿ ತೇಲಿದರು. ಇನ್ನು ಆ ಮಾಂತ್ರಿಕ. ಅವನನ್ನು ಹತ್ತಿರದಿಂದ ನೋಡಿದವರೂ ಯಾರೂ ಇರಲಿಲ್ಲ. ದೀಪದ ಮಸಿಯ ಹಾಗೆ ತೆಳ್ಳಗಾಗಿ ಕಿಟಕಿಯಿಂದ ಹಾರಿಹೋದ. ನಾಡಿನ ಕಣ್ಣುಗಳೆಲ್ಲ ತಿಳಿಯಾದವು. ರಾಜ ಸಿಂಹಾಸನದ ಮೇಲೆ ಕೂತು ಮೊದಲು ಮಾಡಿದ ಕೆಲಸ ಆ ಹಳೆಯ ಕಟ್ಟಳೆ ತೆಗೆದುಹಾಕಿದ್ದು.

ಗುರುಸಿದ್ದವ್ವ ಹೊಸ್ತಿಲಲ್ಲಿ ತನ್ನ ಪಾದ ಹೊಂದಿಸಿಕೊಂಡು, "ನಾ ತೇಲಿ ಹೋಗಂಗಿಲ್ಲ, ನಡಕೋತ ಬರ್ತೇನಿ. ಬರೂ ಮುಂದ ನನಗ ಏನೂ ಕಾಣಲಿಲ್ಲ" ಅಂದಳು. ಒಂಬತ್ತು ದಿನದ ದಾರಿಗೆ ಒಂದು ತಿಂಗಳು ಹಿಡಿಯಿತು. ಅತ್ತೆ ಕಂಡ ಕಂಡ ಗುಡಿಯ ಕಂಬ, ಬಾವಿಯ ರಾಟೆ, ಸಂತೆಯ ಹಳೆ ಮಣಿಸರ ಎಲ್ಲ ಮುಟ್ಟಿ, ಇದು ಏನು, ಅದು ಯಾಕೆ ಅಂತ ಕೇಳುವಳು. ಸೊಸೆ ಉತ್ತರ ಗೊತ್ತಿದ್ದರೆ ಹೇಳುವಳು, ಇಲ್ಲದಿದ್ದರೆ ಇಬ್ಬರೂ ಊರವರನ್ನು ಹಿಡಿದು ಕೇಳುವರು.

ಮನೆ ಸೇರಿದ ದಿನವೇ ಮಗನೂ ಬಂದ. ಅವರೆಲ್ಲ ಉಂಡುಟ್ಟು ನೂರು ಕಾಲ ಚೆನ್ನಾಗಿದ್ದರು, ಕೇಳಿದ ನಿಮ್ಮ ಮನೆಯೂ ಹಾಗೇ ಇರಲಿ. ದಿನಾ ಮುಂಜಾನೆ ಶಾವಂತ್ರಿ ಎಣ್ಣೆ ಬೆಚ್ಚಗೆ ಮಾಡಿ ಅತ್ತೆಯ ಮೊಣಕಾಲು ತಿಕ್ಕುತ್ತಿದ್ದಳು. ಕಣ್ಣು ಮಾತ್ರ ಮುಖದ ಮೇಲೇ ಇರುತ್ತಿತ್ತು. ಗುರುಸಿದ್ದವ್ವ ನಕ್ಕರೆ ಮೇಲಿನ ಎರಡು ಹಲ್ಲಿನ ನಡುವೆ ಸಣ್ಣದೊಂದು ಸಂದು ಕಾಣುತ್ತಿತ್ತು.