ನುಣುಪಣ್ಣ ಮುಟ್ಟದ ಅಂಚು

ಒಂದು ಬಾಗಿಲಿನ ನಾಲ್ಕು ಅಂಚಿಗೆ ತಗಲುವ ಖರ್ಚು ಇಷ್ಟು: ಮೂರು ಹಾಳೆ ಸ್ಯಾಂಡ್‌ಪೇಪರ್, ಬಣ್ಣದಡಿಗೆ ಬಳಿಯುವ ಬಿಳಿ ಪ್ರೈಮರ್ ಎರಡು ಕೋಟು, ಒಬ್ಬ ಮನುಷ್ಯನ ಅರ್ಧ ದಿನ. ಅದನ್ನು ಉಳಿಸಲು ಹೋದರೆ, ಮರದ ಹುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಅಂಚು ಬಣ್ಣವನ್ನೆಲ್ಲ ಕುಡಿದು ಬೆಕ್ಕಿನ ನಾಲಿಗೆಯಂತೆ ತರಿತರಿಯಾಗುತ್ತದೆ. ಗಿರಾಕಿಯ ಮನೆಯಲ್ಲಿ ಕೂರಿಸಿದ್ದ ನಾಲ್ಕು ಬೀರು ಬಾಗಿಲುಗಳು ಹಾಗೇ ಆಗಿ ವಾಪಸು ಬಂದಿದ್ದವು.

"ಇಪ್ಪತ್ತೆರಡು ವರ್ಷ ಉಜ್ಜಿದ್ದು ಸಾಕು. ನಾಳೆಯಿಂದ ಬರಬೇಡ," ಎಂದರು ಕಾರ್ಖಾನೆಯ ಯಜಮಾನರು.

ಆ ಮಾತು ಅಂಚು ಉಜ್ಜುವ ನುಣುಪಣ್ಣನಿಗೆ. ಯಾರ ಮೇಜಿನ ಅಂಚನ್ನೂ ಹೆಬ್ಬೆರಳಲ್ಲಿ ಸವರದೆ ದಾಟದ ಆ ಮನುಷ್ಯ ಅಂದು ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದ. ಅಳತೆ ತಂದು ಬಾಗಿಲು ಕೂರಿಸುವ ಬಡಗಿ ಅವನ ಒಡಹುಟ್ಟಿದ ತಮ್ಮ. "ಅಣ್ಣಂಗೆ ವಯಸ್ಸಾಯ್ತು ಸಾರ್, ಬೈಬೇಡಿ," ಎಂದ.

ಬಣ್ಣದವನಿಗೆ ತಡೆಯಲಾಗಲಿಲ್ಲ. ಉಗ್ರಾಣಕ್ಕೆ ಓಡಿದ. ಮೊಳೆ ಕಳೆದರೂ ಮಾನ ಕಳೆದರೂ ಆ ಕಾರ್ಖಾನೆಯವರು ಓಡುತ್ತಿದ್ದುದು ಉಗ್ರಾಣ ನೋಡಿಕೊಳ್ಳುವ ದೊಡ್ಡಮ್ಮನ ಬಳಿಗೇ.

"ದೊಡ್ಡಮ್ಮ, ಆ ಅಂಚಿಗೆ ಬಣ್ಣ ಹೊಡೆದೋನು ನಾನು. ಗಾಜಿನ ಹಾಗಿತ್ತು!"

"ನೀನು ಬಿಳಿ ಅಂತ ಕಲಸಿದ್ದು ಮೊನ್ನೆ ಹಳದಿಯಾಗಿತ್ತು. ನಿನ್ನ ಸಾಕ್ಷಿ ಆಮೇಲೆ. ನಡಿ."

ದೊಡ್ಡಮ್ಮ ಬಾಗಿಲುಗಳನ್ನು ಸುತ್ತಲೂ ಸವರಿದರು. ಮೂರು ಬದಿ ಬೆಣ್ಣೆ. ಹಿಡಿಕೆಯ ಬದಿ ಮಾತ್ರ ತರಿ. ಆ ಬದಿಯುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಏಣು ಓಡಿತ್ತು, ನಾಲ್ಕೂ ಬಾಗಿಲಲ್ಲಿ ಒಂದೇ ರೀತಿ. ಅದೇ ಅಳತೆಗೆ ಹೆಚ್ಚುವರಿಯಾಗಿ ಮಾಡಿಟ್ಟಿದ್ದ ಐದನೆಯ ಬಾಗಿಲಿನ ಪಕ್ಕ ಇಟ್ಟರೆ, ಇವು ಮೂರು ಮಿಲಿಮೀಟರ್ ಕಿರಿದು. ಬಾಗಿಲು ಸುತ್ತಿ ತಂದಿದ್ದ ಬಟ್ಟೆ ಕೊಡವಿದರು. ಕಂದು ಹುಡಿ ಉದುರಿತು, ನಡುನಡುವೆ ಬಿಳಿ ಚೂರು.

"ಗಿರಾಕಿ ಮನೆಗೆ ಬಣ್ಣ ಏನಾದ್ರೂ ಕಳಿಸಿದ್ಯಾ?"

"ಗೀರು ಬಿದ್ರೆ ತೀಡೋಕೆ ಅಂತ ಒಂದು ಪುಟ್ಟ ಡಬ್ಬಿ. ಖಾಲಿಯಾಗಿ ಬಂತು."

"ಗೀರು ತೀಡೋಕೆ ಇಡೀ ಡಬ್ಬಿನಾ? ಎಲ್ಲರನ್ನೂ ಕರಿ."

ಉಜ್ಜುವ ಬೆಂಚಿನ ಸುತ್ತ ಎಲ್ಲರೂ ಸೇರಿದರು.

"ಉಜ್ಜದೆ ಕೆಟ್ಟಿದ್ರೆ ನಾಲ್ಕೂ ಬದಿ ಕೆಡಬೇಕಿತ್ತು," ಎಂದರು ದೊಡ್ಡಮ್ಮ. "ಕೆಟ್ಟಿರೋದು ಒಂದೇ ಬದಿ. ಬಾಗಿಲೂ ಕಿರಿದಾಗಿದೆ. ಹುಡಿಯಲ್ಲಿ ಬಿಳಿ ಚೂರಿದೆ, ಅಂದ್ರೆ ಪ್ರೈಮರ್ ಒಣಗಿದ ಮೇಲೆ ಯಾರೋ ಕೀಸಿದ್ದಾರೆ. ಆಮೇಲೆ ಬೆತ್ತಲೆ ಅಂಚಿಗೆ ಡಬ್ಬಿ ಬಣ್ಣ ಸುರಿದಿದ್ದಾರೆ. ಏಣು ಎದ್ದಿರೋದು ಮರ ಕೀಸೋ ಹತ್ತರಿಯ ಅಲಗು ಮುಕ್ಕಾಗಿರೋದ್ರಿಂದ. ಉಗ್ರಾಣದಲ್ಲಿರೋ ಮೂರು ಹತ್ತರಿ ನೋಡ್ದೆ, ಅಲಗು ನೆಟ್ಟಗಿವೆ. ನಾಲ್ಕನೇದು ನಿನ್ನ ಚೀಲದಲ್ಲಿದೆ, ತಮ್ಮಾ. ತೆಗಿ."

ತಮ್ಮ ತೆಗೆಯಲಿಲ್ಲ. ಬಣ್ಣದವನೇ ತೆಗೆದು ಅಲಗನ್ನು ಬೆಳಕಿಗೆ ಹಿಡಿದ. ಮುಕ್ಕು ಕಂಡಿತು.

"ಬಾಗಿಲ ನಡುವೆ ಸಂದು ಬಿಡೋದು ಮರೆತು ಅಳತೆ ತಂದೆ," ಎಂದ ತಮ್ಮ, ನೆಲ ನೋಡುತ್ತ. "ಕೂರಿಸಿದ್ರೆ ಒಂದಕ್ಕೊಂದು ಸಿಕ್ಕಿಕೊಂಡ್ವು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ…"

"ಅದಕ್ಕೆ ಅಣ್ಣನ ಕೆಲಸ ಹೋಗ್ಲಿ ಅಂದ್ಯಾ?" ಯಜಮಾನರು ಗುಡುಗಿದರು. ಆಮೇಲೆ ನುಣುಪಣ್ಣನತ್ತ ತಿರುಗಿದರು. "ನೀನಾದ್ರೂ ಬಾಯಿ ಬಿಡಬಾರದಾ ಮಾರಾಯ?"

"ಅವನಿಗೆ ಗೊತ್ತಿತ್ತು," ಎಂದರು ದೊಡ್ಡಮ್ಮ. "ಊರ ಅಂಚೆಲ್ಲ ಸವರೋನು ನಮ್ಮೆದುರು ಈ ಬಾಗಿಲು ಮುಟ್ಟಲಿಲ್ಲ. ಗಾಡಿಯಿಂದ ಇಳಿಸುವಾಗಲೇ ಮುಟ್ಟಿ, ಏಣು ಯಾರದು ಅಂತ ತಿಳ್ಕೊಂಡಿದ್ದ."

ನುಣುಪಣ್ಣ ಜೇಬಿನಿಂದ ಕೈ ತೆಗೆದ. "ಆ ಹತ್ತರಿ ಮೊದಲು ನಾನೇ ಬಳಸ್ತಿದ್ದದ್ದು, ದೊಡ್ಡಮ್ಮ. ಮುಕ್ಕಾಗಿದ್ದನ್ನ ಅವನ ಕೈಗೆ ಕೊಟ್ಟೋನೂ ನಾನೇ."

ಬಣ್ಣದವನು ಪ್ರೈಮರ್ ಡಬ್ಬಿಯ ಮುಚ್ಚಳ ತೆರೆದ.

ನುಣುಪಣ್ಣನ ಕೆಲಸ ಉಳಿಯಿತು. ತಮ್ಮನ ಕೈಯಿಂದ ಅಳತೆ ಟೇಪು ಹೋಯಿತು. ಅವನನ್ನು ಅಣ್ಣನ ಪಕ್ಕದಲ್ಲೇ ಉಜ್ಜಲು ಕೂರಿಸಿದರು. ನಾಲ್ಕು ಬಾಗಿಲಿನ ಒಂದೊಂದು ಬದಿ, ಕೂಡಿದರೆ ಒಂದೇ ಬಾಗಿಲಿನ ಖರ್ಚು: ಮೂರು ಹಾಳೆ, ಎರಡು ಕೋಟು, ಅರ್ಧ ದಿನ. ಅಣ್ಣತಮ್ಮಂದಿರು ಮತ್ತೆ ಮಾತಾಡಲು ಒಂದು ತಿಂಗಳು ಹಿಡಿಯಿತು.